ಘಟ್ಟ ಹತ್ತಿದ ಬೋಟಿನ ಕೂಲರ್

ನಮ್ಮ ಗಾಡಿಗೆ ಉಬ್ಬಸದ ಕಾಯಿಲೆ ಇತ್ತು. ಹೀಗೆಂದರೆ ನನ್ನ ಹೆಂಡತಿ ನಗುತ್ತಾಳೆ, ಆದರೆ ಬೇರೆ ಹೇಗೆ ಹೇಳುವುದು? ಹೊನ್ನಾವರದಿಂದ ಕುಮಟೆಯವರೆಗೆ ಹೆದ್ದಾರಿಯಲ್ಲಿ ಅದನ್ನು ಹಿಡಿಯುವವರಿರಲಿಲ್ಲ. ಕುಮಟೆ ದಾಟಿ ಶಿರಸಿ ರಸ್ತೆಗೆ ತಿರುಗಿ ದೇವಿಮನೆ ಘಟ್ಟದ ಬುಡ ಮುಟ್ಟಿತೋ, ಅದರ ಹಾರಾಟವೆಲ್ಲ ಮುಗಿಯಿತು. ಮೊದಲ ತಿರುವುಗಳಲ್ಲೇ ಏದುಸಿರು, ಅರ್ಧ ಘಟ್ಟಕ್ಕೆ ಕಪ್ಪು ಹೊಗೆ, ಆಮೇಲೆ ಮೊದಲನೇ ಗೇರಿನಲ್ಲಿ ತೆವಳಾಟ. ಹಿಂದಿನಿಂದ ಬರುವ ಲಾರಿಯವರು ಹಾರ್ನ್ ಬಾರಿಸಿ ಬಾರಿಸಿ ನಮ್ಮ ಕುಲಗೋತ್ರವನ್ನೆಲ್ಲ ವಿಚಾರಿಸುತ್ತಿದ್ದರು.

ಅದು ಹಳೆಯ ಟರ್ಬೊ ಡೀಸೆಲ್ ಜೀಪು. ನಾನು ಹೊನ್ನಾವರ ಬಂದರಿನಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಬೋಟು ನನ್ನ ಹೊಟ್ಟೆಪಾಡು, ಜೀಪು ನನ್ನ ಹುಚ್ಚು. ಯಾರೋ ಕೈಬಿಟ್ಟು ಮಳೆಗೆ ನಿಲ್ಲಿಸಿದ್ದ ಗಾಡಿಯನ್ನು ಎಳೆದು ತಂದು, ಮನೆಯ ಮುಂದೆ ತೆಂಗಿನ ಮಡಲಿನ ಚಪ್ಪರದ ಕೆಳಗೆ ಒಂದೊಂದೇ ಭಾಗ ಬಿಚ್ಚಿ ಕಟ್ಟಿದ್ದೆ. ಕಟ್ಟುವಷ್ಟು ಕಾಲ ಹೆಂಡತಿ ಮೂಗು ಮುರಿಯುತ್ತಿದ್ದಳು. ಕಟ್ಟಿ ಮುಗಿಸಿದ ಮೇಲೆ ಒಂದು ದಿನ ಸುಮ್ಮನೆ ಹತ್ತಿ ಕೂತಳು, ಬಂದರಿನ ಬಯಲಿನಲ್ಲಿ ಓಡಿಸಲು ಕಲಿತಳು, ಆಮೇಲೆ ಹಿಂದಿನ ಸೀಟುಗಳನ್ನು ಕೀಳಿಸಿ ಒಣಮೀನಿನ ಗೋಣಿ ತುಂಬಿದಳು. ಗಾಡಿ ಯಾರದ್ದು ಎಂದು ಆವತ್ತಿನಿಂದ ನಮ್ಮ ಮನೆಯಲ್ಲಿ ಚರ್ಚೆ ಇಲ್ಲ.

ಅವಳದ್ದು ಒಣಮೀನಿನ ವ್ಯಾಪಾರ. ಅಳಿವೆಯ ಹತ್ತಿರದ ಮರಳಿನ ಮೇಲೆ ಬಂಗಡೆ, ಶೆಟ್ಲಿ ಎಂಬ ಸಿಗಡಿ ಒಣಗಿಸಿ ಘಟ್ಟದ ಮೇಲೆ ಶಿರಸಿಯ ಸಂತೆಗೆ ಒಯ್ಯುತ್ತಾಳೆ. ಬಸ್ಸಿನವರು ಒಣಮೀನಿನ ಗೋಣಿ ಹತ್ತಿಸುವುದಿಲ್ಲ. ಬಾಡಿಗೆ ಗಾಡಿಯವರು ವಾಸನೆ ಹೋಗುವುದಿಲ್ಲವೆಂದು ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಜೀಪೇ ಗತಿ. ಸಂತೆಯಲ್ಲಿ ಅವಳಿಗೊಂದು ಜಾಗವಿತ್ತು, ಗೋಡೆಯ ಪಕ್ಕ, ಮಧ್ಯಾಹ್ನದವರೆಗೂ ನೆರಳು. ಆ ಜಾಗಕ್ಕೆ ಕಾಗದ ಪತ್ರ ಎಂಥದೂ ಇಲ್ಲ. ಬೆಳಿಗ್ಗೆ ಮೊದಲು ಬಂದು ಯಾರು ಗೋಣಿ ಹಾಸಿದರೋ ಅವರದು. ವರ್ಷಗಟ್ಟಲೆ ಮೊದಲು ಹೋಗಿ ಹೋಗಿ ಅದು ಅವಳದೇ ಎಂದಾಗಿತ್ತು.

ಆ ಬೇಸಿಗೆಯಲ್ಲಿ ಅದು ಕೈತಪ್ಪಿತು. ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ, ಒಂದು ಬದಿ ಅಗೆದು ಹಾಕಿದ್ದಾರೆ, ಮುಂದೊಂದು ಲಾರಿ ಹಿಂದೊಂದು ಲಾರಿ. ಬಿಸಿಲಿಗೆ ಗಾಡಿಯ ಉಬ್ಬಸ ಹೆಚ್ಚಾಯಿತು. ನಡುವೆ ನಿಲ್ಲಿಸಿ, ತಣಿಸಿ, ಮತ್ತೆ ಹೊರಟು ಮುಟ್ಟುವಷ್ಟರಲ್ಲಿ ಇನ್ನೊಬ್ಬ ಹೆಂಗಸು ಗೋಡೆಯ ಪಕ್ಕ ತನ್ನ ಒಣಮೀನು ಹರಡಿ ಕೂತಿರುತ್ತಿದ್ದಳು. ನನ್ನ ಹೆಂಡತಿ ಬಿಸಿಲಿನಲ್ಲಿ, ಸಂತೆಯ ತುದಿಯಲ್ಲಿ. ಮಳೆಗಾಲಕ್ಕೆ ಮೊದಲು ಘಟ್ಟದ ಮೇಲಿನವರು ಮಳೆ ಮುಗಿಯುವ ತನಕ ಸಾಲುವಷ್ಟು ಒಣಮೀನು ಕಟ್ಟಿಸಿಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಕಣ್ಣಿಗೆ ಬೀಳದವಳನ್ನು ಮರುವರ್ಷ ಯಾರು ಹುಡುಕಿಕೊಂಡು ಬರುತ್ತಾರೆ?

"ಮಳೆ ಹಿಡಿಯೂದ್ರೊಳಗೆ ಆ ಜಾಗ ಸಿಗ್ಲಿಲ್ಲ ಅಂದ್ರೆ ನಾ ಸಂತೆ ಬಿಟ್ಟೆ" ಎಂದಳು ಒಂದು ಮಧ್ಯಾಹ್ನ, ಮರಳಿನ ಮೇಲೆ ಮೀನು ಮಗುಚುತ್ತ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ, ಮೀನು ಮಗುಚಿದಳು. ನಾನು ಕಟ್ಟಿದ ಗಾಡಿಯ ದೆಸೆಯಿಂದ ಅವಳು ಕೂತ ಜಾಗ ಬಿಟ್ಟು ಏಳಬೇಕೇ? ಸಾಧ್ಯವೇ ಇಲ್ಲ.

ಕುಮಟೆಯಲ್ಲಿ ನನಗೆ ಪರಿಚಯದ ಒಬ್ಬ ಗ್ಯಾರೇಜಿನವನಿದ್ದಾನೆ. ಅವನು ಬಾನೆಟ್ ಎತ್ತಿ, ನೋಡಿ, ಕೈ ಒರೆಸಿಕೊಂಡ. "ಟರ್ಬೊ ಗಾಳಿ ಒತ್ತಿ ಕಳಿಸ್ತದೆ, ಒತ್ತಿದ ಗಾಳಿ ಕಾಯ್ತದೆ. ಕಾದ ಗಾಳೀಲಿ ಎಂತ ಶಕ್ತಿ ಇರ್ತದೆ ಮಾರಾಯಾ? ಈಗಿನ ಗಾಡಿಗೆಲ್ಲ ಆ ಗಾಳಿ ತಣಿಸೂಕೆ ಇಂಟರ್‌ಕೂಲರ್ ಅದೆ. ನಿಂದು ಅದಿಲ್ಲದ ಕಾಲದ್ದು."

"ಹಾಗಾದ್ರೆ ಒಂದು ಹಾಕು."

"ಎಲ್ಲಿ ಹಾಕ್ಲಿ? ಮುಂದೆ ಜಾಗ ಇಲ್ಲ. ಹಾಕಿದ್ರೂ ಅದಕ್ಕೆ ಎದುರು ಗಾಳಿ ಬೀಸ್ಬೇಕು. ಲಾರಿ ಹಿಂದೆ ಇರುವೆ ಹಂಗೆ ಹೋಗೂ ಗಾಡಿಗೆ ಗಾಳಿ ಎಲ್ಲಿಂದ ಬರ್ತದೆ? ಮಾರಿ ಬಿಡು, ಆತು."

ಮಾರಿ ಬಿಡು ಎಂದ ಮಾತು ನನ್ನ ಮೈ ಉರಿಸಿತು. ಚಹಾ ಕುಡಿದು ಹೋಗು ಎಂದ, ಕುಡಿಯದೆ ಎದ್ದು ಬಂದೆ. ಕುಮಟೆಯಿಂದ ಹೊನ್ನಾವರದವರೆಗೂ ಒಬ್ಬನೇ ಬೈಯುತ್ತ ಗಾಡಿ ಓಡಿಸಿದೆ. ಪೇಟೆ ದಾಟಿ, ಆಚೆ ದಡದ ನಮ್ಮ ಮನೆಯ ಕಡೆಗೆ ಶರಾವತಿ ಸೇತುವೆಯ ಮೇಲೆ ಬಂದಾಗ ಕೆಳಗೆ ಒಂದು ಬೋಟು ಸಮುದ್ರದ ಕಡೆ ಹೊರಟಿತ್ತು, ಪಕ್ಕದ ಪೈಪಿನಿಂದ ನೀರು ಉಗುಳುತ್ತ. ಅರೆ! ಅದರೊಳಗೆ ಇರುವುದೂ ಟರ್ಬೊ ಎಂಜಿನ್ನೇ. ಎಂಜಿನ್ ಕೋಣೆಯಲ್ಲಿ ಎದುರು ಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಗಾಳಿಯನ್ನು ತಣಿಸುವುದು ನೀರು. ಒಂದು ಡಬ್ಬಿ, ಅದರೊಳಗೆ ಸಣ್ಣ ಸಣ್ಣ ಕೊಳವೆಗಳು. ಕೊಳವೆಯೊಳಗೆ ನೀರು, ಹೊರಗೆ ಬಿಸಿಗಾಳಿ. ಅಂಥ ಕೂಲರ್‌ಗಳ ಹೊಟ್ಟೆಯಿಂದ ಕೆಸರು ಚಿಪ್ಪು ಕೆರೆದು ತೆಗೆದೇ ನನ್ನ ಉಗುರು ಸವೆದಿವೆ. ಸೇತುವೆಯ ಮೇಲೇ ನನಗೆ ನಗು ಬಂತು.

ಬಂದರಿನ ಬದಿಯಲ್ಲಿ ಒಂದು ಹಳೆಯ ಬೋಟನ್ನು ಒಡೆಯುತ್ತಿದ್ದರು. ಅದರ ಕೂಲರ್ ಕೇಳಿದೆ. "ಜೀಪಿಗಾ?" ಎಂದು ಬೋಟಿನ ಯಜಮಾನರು ಎರಡು ಸಲ ಕೇಳಿ, "ಒಯ್ಯಿ ಮಾರಾಯಾ, ದೇವ್ರು ನಿನಗೆ ಬುದ್ಧಿ ಕೊಡ್ಲಿ" ಎಂದರು. ಕಲ್ಲಿನಷ್ಟು ಭಾರ. ತೊಳೆದೆ, ಉಪ್ಪು ಕೆರೆದೆ, ಸೋರುವುದಿಲ್ಲವೆಂದು ಖಚಿತ ಮಾಡಿಕೊಂಡೆ. ಬ್ಯಾಟರಿಯನ್ನು ಸೀಟಿನ ಕೆಳಗೆ ದಾಟಿಸಿ ಅದರ ಜಾಗದಲ್ಲಿ ಕಬ್ಬಿಣದ ಪಟ್ಟಿ ಬೆಸೆದು ಕೂಲರ್ ಕೂರಿಸಿದೆ. ಟರ್ಬೊದಿಂದ ಕೂಲರ್‌ಗೆ ಒಂದು ದಪ್ಪ ರಬ್ಬರ್ ಪೈಪು, ಕೂಲರ್‌ನಿಂದ ಎಂಜಿನ್ನಿಗೆ ಇನ್ನೊಂದು. ನೀರಿಗೆ ಸೀಟಿನ ಹಿಂದೆ ದೊಡ್ಡದೊಂದು ಕ್ಯಾನು, ಬೋಟಿನಿಂದ ನೀರು ಹೊರಹಾಕುವ ಸಣ್ಣ ಬ್ಯಾಟರಿ ಪಂಪು. ಕ್ಯಾನಿನ ನೀರು ಕೂಲರ್‌ಗೆ ಹೋಗಿ ತಿರುಗಿ ಕ್ಯಾನಿಗೇ ಬರುವ ಹಾಗೆ ಮಾಡಿದೆ. ಮೀಸೆಯ ಮೇಲೆ ಕೈ ಹೋಯಿತು.

ಪರೀಕ್ಷೆಗೆ ಗೋಣಿಗಳಲ್ಲಿ ಮರಳು ತುಂಬಿ ಘಟ್ಟಕ್ಕೆ ಹೊರಟೆವು. ಏನು ಓಟ ಅದು! ತಿರುವಿನ ಮೇಲೆ ತಿರುವು, ಎರಡನೇ ಗೇರಿನಲ್ಲೇ ಎಳೆಯುತ್ತಿದೆ. ನಾನು ದನಿಯೆತ್ತಿ ಹಾಡತೊಡಗಿದೆ, ಹೆಂಡತಿ ಕಿವಿ ಮುಚ್ಚಿಕೊಂಡಳು. ಅರ್ಧ ಘಟ್ಟದ ಮೇಲೆ ಹಾಡು ನಿಂತಿತು. ಅದೇ ಏದುಸಿರು, ಅದೇ ಹೊಗೆ. ಬದಿಗೆ ನಿಲ್ಲಿಸಿದೆ. ಹೆಂಡತಿ ಕ್ಯಾನಿನ ಮೇಲೆ ಕೈ ಇಟ್ಟವಳೇ ಹಾರಿಬಿದ್ದಳು.

"ಅಯ್ಯಯ್ಯೋ! ಇದ್ರಲ್ಲಿ ಅಕ್ಕಿ ಹಾಕಿದ್ರೆ ಗಂಜಿ ಆಗ್ತದೆ. ಬೋಟಿಗಾದ್ರೆ ಕೆಳಗೆ ಸಮುದ್ರ ಅದೆ. ಇದಕ್ಕೆಂತ ಅದೆ?"

ನನ್ನ ಜೀವಮಾನದಲ್ಲಿ ನಾನು ಕಂಡ ನೀರೆಲ್ಲ ಬೋಟಿನ ತಳದಿಂದ ತಣ್ಣಗೆ ಒಳಗೆ ಬಂದು, ಬಿಸಿಯಾಗಿ ಪಕ್ಕದಿಂದ ಹೊರಗೆ ಹೋದದ್ದು. ಹೋದ ನೀರಿನ ಗತಿ ಏನು ಎಂದು ಬೋಟಿನ ಮೆಕ್ಯಾನಿಕ್ ಯಾವತ್ತಾದರೂ ತಲೆ ಕೆಡಿಸಿಕೊಂಡಿದ್ದುಂಟೇ? ನೀರೆಂದರೆ ತಣ್ಣಗೆ, ಅಷ್ಟೇ. ಆ ನೀರನ್ನೂ ತಣಿಸಬೇಕಾದೀತು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮರಳಿನ ಗೋಣಿಗಳ ಸಮೇತ ಘಟ್ಟ ಇಳಿಯುವಾಗ ಅವಳು ನನಗೆ ಬೆನ್ನು ಹಾಕಿ ಹೊರಗೆ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನವೇ ಭಟ್ಕಳಕ್ಕೆ ಹೋದೆ. ಜಾಲಿ ರಸ್ತೆಯಲ್ಲಿ ನನಗೆ ಗುರುತಿನ ಗುಜರಿ ಅಂಗಡಿ ಇದೆ. ಅಂಗಡಿಯ ಭಾಯ್ ಮನೆಯವರೊಡನೆ ನವಾಯತಿಯಲ್ಲಿ, ಲಾರಿಯವರೊಡನೆ ಉರ್ದುವಿನಲ್ಲಿ, ನನ್ನೊಡನೆ ನನ್ನದೇ ಕನ್ನಡದಲ್ಲಿ ಮಾತಾಡುತ್ತಾರೆ. ಸಣ್ಣ ಕಾರಿನ ರೇಡಿಯೇಟರ್ ಬೇಕು, ಫ್ಯಾನ್ ಸಮೇತ ಎಂದೆ.

"ಬೋಟಿಗೆ ರೇಡಿಯೇಟರಾ? ಸಮುದ್ರ ಒಣಗಿತಾ ಭಾಯ್?"

"ನಗಬೇಡಿ ಭಾಯ್, ಮನೇಲಿ ಮಾತು ನಿಂತದೆ."

"ಓಹೋ, ಹಾಗಾದ್ರೆ ಒಳ್ಳೇದೇ ಕೊಡ್ಬೇಕು" ಎಂದು ರಾಶಿಯಿಂದ ಒಂದನ್ನು ಎಳೆದರು. ಒಂದು ಬಾಯಿ ಮುಚ್ಚಿ, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಇನ್ನೊಂದು ಬಾಯಿಂದ ಗಾಳಿ ಊದಿದರು. ಗುಳ್ಳೆ ಬರಲಿಲ್ಲ. ಫ್ಯಾನನ್ನು ಬ್ಯಾಟರಿಗೆ ಮುಟ್ಟಿಸಿ ತಿರುಗಿಸಿಯೂ ತೋರಿಸಿದರು. ಎದುರು ಗಾಳಿ ಇಲ್ಲದಿದ್ದರೇನು, ಗಾಳಿ ಎಳೆಯಲು ಅದರದೇ ಫ್ಯಾನ್ ಇದೆ. ನನಗೆ ಬೇಕಾದದ್ದೂ ಅದೇ.

ಅದನ್ನು ಎಲ್ಲಿ ಕೂರಿಸುವುದೆಂದು ಮನೆಯಲ್ಲಿ ದೊಡ್ಡ ಜಗಳ. ಮೇಲೆ ಕ್ಯಾರಿಯರ್‌ನಲ್ಲಿ ಎಂದೆ. ಅಲ್ಲಿ ಶೆಟ್ಲಿಯ ಗೋಣಿ ಬರುತ್ತದೆ ಎಂದಳು. ಹಿಂದೆ ಎಂದೆ. ಬಂಗಡೆ ಏನು ನಿಮ್ಮ ತಲೆಯ ಮೇಲೆ ಇಡುವುದೇ ಎಂದಳು. ಸರಿ, ಮುಂದಿನ ಬಂಪರಿನ ಕೆಳಗೆ ಅಡ್ಡಲಾಗಿ ಕಟ್ಟಿ, ಕಲ್ಲು ಬಡಿಯದಂತೆ ಜಾಲರಿ ಬಿಗಿದೆ. ಆಮೇಲೆ ನೀರು ಓಡಲಿಲ್ಲ! ಪಂಪು ಗುಂಯ್ ಎನ್ನುತ್ತದೆ, ನೀರು ಇದ್ದಲ್ಲೇ ಇದೆ. ಎರಡು ದಿನ ಪೈಪುಗಳ ಜೊತೆ ಗುದ್ದಾಡಿದೆ. ಕೂಲರ್ ಮೇಲಿತ್ತು, ಕ್ಯಾನು ಕೆಳಗಿತ್ತು. ಈಗ ಪೈಪೂ ಉದ್ದವಾಗಿ, ಮೇಲಿನ ತಿರುವಿನಲ್ಲಿ ಗಾಳಿ ಸಿಕ್ಕಿಕೊಂಡು ನೀರಿಗೆ ದಾರಿ ಬಿಡುತ್ತಿರಲಿಲ್ಲ. ದೊಡ್ಡ ಕ್ಯಾನು ಕಿತ್ತೆಸೆದು, ಎಲ್ಲಕ್ಕಿಂತ ಎತ್ತರದಲ್ಲಿ ನೀರು ತುಂಬುವ ಸಣ್ಣ ಡಬ್ಬಿ ಕಟ್ಟಿ, ಪೈಪು ಒತ್ತಿ ಒತ್ತಿ ಗಾಳಿ ಬಿಟ್ಟೆ. ಡಬ್ಬಿಯಲ್ಲಿ ಬುಳುಬುಳು ಎಂದು ಗುಳ್ಳೆ ಎದ್ದು, ನೀರು ಓಡಿತು.

ಅಷ್ಟರಲ್ಲಿ ಸಂಜೆ ಸಂಜೆ ಗುಡುಗು ಶುರುವಾಗಿತ್ತು. ಇನ್ನೊಮ್ಮೆ ಮರಳು ತುಂಬಿ ನೋಡೋಣ ಎಂದೆ.

"ಮರಳು ಸಾಕು" ಎಂದಳು. "ನಾಳೆ ಸಂತೆ. ಮೀನೇ ತುಂಬೂದು. ಗಾಡಿ ನಾ ಬಿಡ್ತೆ."

ನಸುಕಿನಲ್ಲಿ ಹೊರಟೆವು. ಗಾಡಿ ಅವಳ ಕೈಯಲ್ಲಿ, ಜೀವ ನನ್ನ ಬಾಯಲ್ಲಿ. ಘಟ್ಟ ಶುರುವಾದದ್ದೇ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫ್ಯಾನ್ ತಿರುಗುತ್ತಿದೆಯೇ, ಪೈಪು ಜಾರಿತೇ, ಡಬ್ಬಿ ಸೋರಿತೇ. ನಿಲ್ಲಿಸು ಎಂದೆ, ನಿಲ್ಲಿಸಿದಳು. ಇಳಿದು ಮುಟ್ಟಿ ನೋಡಿ ಹತ್ತಿದೆ. ಎರಡು ತಿರುವು ಕಳೆದು ಮತ್ತೆ ನಿಲ್ಲಿಸು ಎಂದೆ.

"ಬೆಳಕು ಹರೀತಾ ಅದೆ. ಆ ಹೆಂಗ್ಸು ಇಷ್ಟೊತ್ತಿಗೆ ಮನೆ ಬಿಟ್ಟಿರ್ತದೆ. ನಿಮ್ಮ ಪರೀಕ್ಷೆ ಮಾಡೂಕೆ ಇವತ್ತೇ ಬೇಕಾ?"

"ಒಂದೇ ಸಲ ಮಾರಾಯ್ತಿ. ಇಲ್ಲೇ ಕಳೆದ ಸಲ ಕೈ ಕೊಟ್ಟಿದ್ದು."

ಸಿಟ್ಟಿನಿಂದ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಲಿಲ್ಲ. ನಾನು ಬಾನೆಟ್ ಎತ್ತಿ ಎಂಜಿನ್ನಿಗೆ ಹೋಗುವ ಪೈಪು ಹಿಡಿದೆ. ಕಳೆದ ಸಲ ಕ್ಯಾನೇ ಕೈ ಸುಟ್ಟಿತ್ತು, ಈಗ ಪೈಪು ಸ್ನಾನದ ನೀರಿನಷ್ಟು ಬೆಚ್ಚಗೆ, ಅಷ್ಟೇ. "ಹಿಡಿದು ನೋಡು ಬಾರೇ! ಕೈ ಇಡೂಕಾಗ್ತದೆ!" ಎಂದು ಕೂಗಿದೆ. ಬಾ ಎಂದರೆ ಬರುವವಳೇ? ಬಾನೆಟ್ ಹಾಕಿ ಎಂದಳು. ಹಾಕಿದೆ. ಅಷ್ಟಕ್ಕೇ ಹತ್ತಬಹುದಿತ್ತು. ಬಂಪರಿನ ಕೆಳಗಿನ ಫ್ಯಾನ್ ಒಂದು ನೋಡಿಬಿಡೋಣ ಎಂದು ರಸ್ತೆಯ ಬದಿಗೆ ಹೋಗಿ ಮಂಡಿಯೂರಿ ಬಗ್ಗಿದೆ. ಗೇರು ಬಿದ್ದ ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಗಾಡಿ ನನ್ನನ್ನು ದಾಟಿ ತಿರುವಿನ ಹತ್ತಿರ ಇತ್ತು.

"ಏಯ್! ಏಯ್ ಮಾರಾಯ್ತೀ!" ಎಂದು ಓಡಿದೆ. ಯಾರು ಕೇಳುತ್ತಾರೆ! ಕಟ್ಟಿಕೊಂಡ ಗಂಡನನ್ನು ಘಟ್ಟದ ನಡುವೆ ಬಿಟ್ಟು ಹೋಗುವುದೆಂದರೇನು? ಅಗೆದ ಮಣ್ಣಿನ ಮೇಲೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಕಿವಿ ಮೇಲಿನ ತಿರುವುಗಳ ಕಡೆಗಿತ್ತು. ಒಂದು ತಿರುವು, ಸದ್ದು ಒಂದೇ ಸಮ. ಇನ್ನೊಂದು, ಅದೇ ಸಮ. ಮೂರನೇ ಗೇರಿಗೆ ಹಾಕಿದಳು! ತುಂಬಿದ ಗೋಣಿ, ಕಡಿದಾದ ಘಟ್ಟ, ಮೂರನೇ ಗೇರು. ಬೈಯುವುದು ಮರೆತೇಹೋಯಿತು. ಸದ್ದು ಕಾಡಿನಲ್ಲಿ ಕರಗುವವರೆಗೂ ನಿಂತು ಕೇಳಿದೆ.

ಆಮೇಲೆ ಶಿರಸಿ ಬಸ್ಸಿಗೆ ಕೈ ಅಡ್ಡ ಹಾಕಿದೆ. ನಿರ್ವಾಹಕ ನನ್ನ ಮಂಡಿಯ ಮಣ್ಣು ನೋಡುತ್ತಲೇ ಟಿಕೆಟ್ ಹರಿದು ಕೊಟ್ಟ. ಬಸ್ಸಿನಲ್ಲಿ ಸಿಟ್ಟು ಮತ್ತೆ ಏರಿತು. ಎಲ್ಲರ ಎದುರು ಹೇಗೆ ಬೈಯಬೇಕು, ಎಲ್ಲಿಂದ ಶುರು ಮಾಡಬೇಕು, ಎಲ್ಲ ಒಂದೊಂದಾಗಿ ಜೋಡಿಸಿಕೊಂಡೇ ಸಂತೆಯೊಳಗೆ ನುಗ್ಗಿದೆ.

ಗೋಡೆಯ ಪಕ್ಕ, ನೆರಳಿನಲ್ಲಿ, ಅವಳು ಕೂತಿದ್ದಳು. ಆ ಇನ್ನೊಬ್ಬ ಹೆಂಗಸು ಈಚೆ ಬದಿಗೆ ತನ್ನ ಗೋಣಿ ಬಿಡಿಸುತ್ತಿದ್ದಳು. ನನ್ನ ಹೆಂಡತಿಯ ಎದುರು ಜನ ಆಗಲೇ ಗುಂಪು ಕಟ್ಟಿದ್ದರು, ವಯಸ್ಸಾದ ಒಬ್ಬ ಅಮ್ಮ ಕೈಚೀಲ ಅಗಲಿಸಿ ಹಿಡಿದು, "ಇಷ್ಟು ದಿನ ಎಲ್ಲಿ ಹೋಗಿದ್ಯೇ? ನೀನು ಬಿಟ್ಟೇಬಿಟ್ಟೆ ಅಂದ್ಕೊಂಡಿದ್ದೆ. ಮಳೆಗಾಲಕ್ಕೆಲ್ಲ ಆಗೋಷ್ಟು ಹಾಕು" ಎನ್ನುತ್ತಿದ್ದರು. ಅವಳು ತಕ್ಕಡಿಗೆ ಬಂಗಡೆ ಸುರಿಯುತ್ತಿದ್ದಳು. ಮುಖವೆಲ್ಲ ಬೆವರು. ಅಷ್ಟು ಖುಷಿಯಾಗಿರುವ ಮುಖ ನಾನು ಬೇಸಿಗೆಯಿಡೀ ಕಂಡಿರಲಿಲ್ಲ.

ನಾನು ಬೈಯಲು ಬಾಯಿ ತೆರೆದೆ. ಅವಳು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಬಂದ್ರಾ? ಅಲ್ಲಿ ನಿಲ್ಬೇಡಿ, ಗಿರಾಕಿಗೆ ಅಡ್ಡ ಆಗ್ತದೆ."

ನಾನು ಸರಿದು ನಿಂತೆ.