ಬಚ್ಚಲ ಕಲ್ಲಿನ ಪಾದ

ಕಡ್ಲೆಕಾಯಿ ಸಿಪ್ಪೆ ಉರಿಯುವ ಹೊಗೆಗೆ ಸೀಗೆಕಾಯಿ ವಾಸನೆ ಬೆರೆತು ಎಲ್ಲಿಂದಲಾದರೂ ಬಂದರೆ ಸಾಕು, ನಾನು ಮತ್ತೆ ಬ್ರಹ್ಮಸಮುದ್ರದ ಹತ್ತಿರದ ನಮ್ಮೂರಿನ ಬಚ್ಚಲಲ್ಲಿ ನಡುಗುತ್ತಾ ನಿಂತಿರುತ್ತೇನೆ. ಬಚ್ಚಲು ಅಂದರೆ ಏನು ಮಹಾ, ಹಿತ್ತಲ ಮೂಲೆಯಲ್ಲಿ ಎದೆಮಟ್ಟದ ಗೋಡೆ, ಹೂತಿಟ್ಟ ತಾಮ್ರದ ಹಂಡೆ, ಅದರ ಹೊಟ್ಟೆ ಕೆಳಗೆ ಚಟಪಟ ಸಿಡಿಯುವ ಸಿಪ್ಪೆ, ಕಣ್ಣು ಬಿಡಗೊಡದ ಹೊಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೊಂಬು ಹಿಡಿದ ನಮ್ಮಜ್ಜಿ. ಕಾಲಡಿಗೆ ಒಂದು ಕರೀ ಹಾಸುಗಲ್ಲು. ಅದರಲ್ಲಿ ಪುಟ್ಟ ಜೋಡಿ ಪಾದ ಗುಳಿಯಾಗಿ ಕೆತ್ತಿತ್ತು. ಪಕ್ಕದಲ್ಲೊಂದು ಚೊಂಬಿನ ಚಿತ್ರ, ಸುತ್ತ ಬಳ್ಳಿಯ ಅಂಚು.

"ಸ್ನಾನಕ್ಕೆ ಅಂತ್ಲೇ ಮಾಡಿರೋ ಕಲ್ಲು ಕಣಮ್ಮ. ಇಲ್ಲಿ ಕಾಲಿಡು, ಅಲ್ಲಿ ಚೊಂಬಿಡು. ಜಾರಲ್ಲ," ಅನ್ನುತ್ತಿದ್ದಳು ಅಜ್ಜಿ. ಮೊಮ್ಮಕ್ಕಳೆಲ್ಲ ನಂಬಿದ್ದೆವು. ನಂಬದೇ ಇರೋಕೇನು, ಕಣ್ಣೆದುರಿಗೇ ಚೊಂಬಿತ್ತಲ್ಲ! ಆ ಕಲ್ಲಿಗೆ ನಮ್ಮ ಮನೆಯಲ್ಲೊಂದು ಕಟ್ಟಳೆಯೂ ಇತ್ತು. ಮಗುವಿನ ಕಾಲು ಆ ಪಾದದ ಅಳತೆ ತುಂಬಿದ ದಿನ ಅಜ್ಜಿ ಚೊಂಬನ್ನು ಅದರ ಕೈಗೇ ಕೊಟ್ಟುಬಿಡುತ್ತಿದ್ದಳು. ಇನ್ನು ನೀನೇ ಹುಯ್ಕೋ, ದೊಡ್ಡವಳಾದೆ ಅಂತ. ಉಳಿದವರೆಲ್ಲ ಆ ದಿನಕ್ಕೆ ಕಾದರೆ ನಾನು ಮಾತ್ರ ಕಾಲ್ಬೆರಳು ಮಡಚಿಕೊಂಡು, "ಇನ್ನೂ ಸಾಲಲ್ಲಜ್ಜಿ" ಅಂತ ಹಸೀ ಸುಳ್ಳು ಹೇಳುತ್ತಿದ್ದೆ. ಅಜ್ಜಿಗೆ ತಿಳಿಯದೇ ಇರುತ್ತಾ? ಆದರೂ ನಕ್ಕು ಬೆನ್ನುಜ್ಜುತ್ತಿದ್ದಳು. ಆ ಒರಟು ಅಂಗೈ ನೆನೆದರೆ ಈಗಲೂ ಬೆನ್ನು ಬೆಚ್ಚಗಾಗುತ್ತೆ.

ಅಜ್ಜಿ ಹೋದಳು. ಗೋಡೆ ಬಿರಿದು ಮನೆಯನ್ನೂ ಕೆಡವಿದರು. ಚಿಕ್ಕಪ್ಪಂದಿರು ಬಾಗಿಲು, ತೊಲೆ ಹಂಚಿಕೊಂಡಾಗ ನಾನು ಬಚ್ಚಲ ಕಲ್ಲು ಕೇಳಿದೆ. "ಅಯ್ಯೋ ಹುಚ್ಚಿ, ತಗಂಡೋಗು" ಅಂತ ನಕ್ಕರು. ನಗಲಿ ಬಿಡಿ. ಹಿಂದೂಪುರದ ನನ್ನ ಮನೆ ಹಿತ್ತಲಲ್ಲಿ ನಲ್ಲಿ ಕೆಳಗೆ ಹಾಕಿಸಿಕೊಂಡೆ. ಸಂಜೆ ಕೆಲಸದಿಂದ ಬಂದು ಅದರ ಮೇಲೆ ನಿಂತು ಕಾಲು ತೊಳೆದರೆ ತವರಿಗೆ ಹೋಗಿಬಂದಷ್ಟು ಹಿತವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಕಲ್ಯಾಣದುರ್ಗಕ್ಕೆ, ಚಿಕ್ಕಪ್ಪನ ಮಗಳು ಸಾವಿತ್ರಿಯ ಮನೆಗೆ ಹೋಗಿದ್ದೆ. "ನಡಿಯೇ, ಹಾಳು ಮಠ ನೋಡ್ಕಂಡ್ ಬರಾನ" ಅಂತ ಎಬ್ಬಿಸಿದಳು. ನಮ್ಮೂರ ಹಿಂದಿನ ಗುಡ್ಡದ ಮೇಲಿರೋ ಹಳೇ ರಾಜರ ಕಾಲದ ಮಠ ಅದು. ಚಿಕ್ಕಂದಿನಲ್ಲಿ ಚೇಳಿನ ಹೆದರಿಕೆ ಹಾಕಿ ಹಿರಿಯರು ನಮ್ಮನ್ನು ಅತ್ತ ಬಿಟ್ಟವರೇ ಅಲ್ಲ. ಈಗ ನೋಡಿದರೆ ಸೂರು ಎಂದೋ ಕುಸಿದಿದೆ, ಸನ್ಯಾಸಿಗಳಿದ್ದ ಕೋಣೆಗಳಲ್ಲಿ ಜಾಲಿ ಬೆಳೆದಿದೆ, ಅರ್ಧಕ್ಕರ್ಧ ಗೋಡೆಯೇ ಇಲ್ಲ. ಸುತ್ತಿನ ಊರವರೆಲ್ಲ ಗಾಡಿ ಕಟ್ಟಿಕೊಂಡು ಬಂದು ಕಲ್ಲು ಹೇರಿಬಿಟ್ಟಿದ್ದರು. ಹಾಳು ಮಠದ ಕಲ್ಲಿಗೆ ಯಾವ ಯಜಮಾನ ಅನ್ನೋದು ನಮ್ಮಜ್ಜನ ಬಾಯಲ್ಲೂ ಇದ್ದ ಮಾತು. ಒಳಗೆ ಮಠದ ಅಯ್ಯನೋರ ಮೂರು ಸಮಾಧಿಗಳಿದ್ದವು. ಎರಡರ ಮೇಲೆ ಕರೀ ಹಾಸುಗಲ್ಲು. ಜೋಡಿ ಪಾದ, ಪಕ್ಕದಲ್ಲಿ ಕಮಂಡಲ, ಸುತ್ತ ಬಳ್ಳಿಯ ಅಂಚು. ಮೂರನೆಯದರ ಮೇಲೆ ಬರೀ ಗುಂಡಿ, ಕಲ್ಲು ಕಿತ್ತ ಗುರುತು. ಅದರ ಅಂಚಿಗೆ ಗೇಣು ಹಾಕಿ ನೋಡಿದೆ, ನಮ್ಮ ಬಚ್ಚಲ ಕಲ್ಲಿನ ಅಳತೆಯೇ.

ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ ಕಣಗಿಲೆ ಹೂವಿಟ್ಟಿತ್ತು. ಅಲ್ಲೇ ಕಸ ಗುಡಿಸುತ್ತಿದ್ದವಳು ತಿಪ್ಪಕ್ಕ ಅನ್ನೋ ಮುದುಕಿ, ಗುಡ್ಡದ ಬುಡದ ಮನೆಯವಳು, ಮಾತಿನ ನಡುವೆ ತೆಲುಗು ಬೆರೆಸುವವಳು. "ಗುಂಡಿಗ್ಯಾಕವ್ವಾ ಹೂವು?" ಅಂತ ಸಾವಿತ್ರಿ ಕೇಳಿದಳು.

"ಗುಂಡೀಗಲ್ಲ ಕಣಮ್ಮ. ದೊಡ್ಡಯ್ಯೋರ ಪಾದ ಇದ್ದಿದ್ದು ಇಲ್ಲೇ. ಎವರೋ ಎತ್ಕಂಡೋಗ್ಬುಟ್ರು. ಬಂದೇ ಬತ್ತವೆ, ಜಾಗ ಬಿಡಬ್ಯಾಡ ಅಂತ ನಮ್ಮತ್ತೆ ಹೇಳಿ ಸತ್ಲು. ನಂಗೂ ಕಣ್ಣು ಮಂಜಾಗ್ತಾವೆ. ನಾನು ಇರೋಗಂಟ ಬಂದ್ರೆ ಸಾಕು ತಾಯಿ."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಸಾವಿತ್ರಿಯೂ ಅದೇ ಕಲ್ಲಿನ ಮೇಲೆ ಮಿಂದವಳು, ಆದರೆ ಅವಳಿಗೆ ಏನೂ ಹೊಳೆಯಲಿಲ್ಲ, ಫೋಟೋ ತೆಗೀತಿದ್ದಳು. ನಾನು ತಲೆ ತಗ್ಗಿಸಿ ಗುಡ್ಡ ಇಳಿದೆ. ಹಿಂದೂಪುರದ ಬಸ್ಸಿನಲ್ಲಿ ಇನ್ನೊಂದು ನೆನಪಾಗಿ ನಾಚಿಕೆ ಇನ್ನೂ ಹೆಚ್ಚಾಯಿತು. ಅಜ್ಜಿ ಒಂದು ದಿನವೂ ಆ ಪಾದದ ಮೇಲೆ ನಿಂತವಳಲ್ಲ. ಪಕ್ಕಕ್ಕೆ ಮಣೆ ಹಾಕಿಕೊಂಡು ಮೀಯುತ್ತಿದ್ದಳು. ಮಂಡಿನೋವು ಅಂದುಕೊಂಡಿದ್ದೆವು. ಅವಳಿಗೆ ಗೊತ್ತಿತ್ತು. ಗಂಡ ಹೊತ್ತು ತಂದ ಕಲ್ಲನ್ನು ವಾಪಸು ಇಟ್ಟು ಬಾ ಅನ್ನೋ ಧೈರ್ಯ ಇರಲಿಲ್ಲ, ಅಷ್ಟೇ.

ಮನೆಗೆ ಬಂದು ಕಲ್ಲಿನ ಮೇಲೆ ಗೋಣಿಚೀಲ ಹೊದಿಸಿದೆ. ಕಾಲಿಡೋಕೆ ಮನಸ್ಸಿಲ್ಲ, ಕೊಡೋಕೂ ಮನಸ್ಸಿಲ್ಲ. ಕೊಟ್ಟರೆ ಅಜ್ಜಿ ಅಂತ ನನಗೆ ಉಳಿಯೋದೇನು? ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಕೊನೆಗೊಂದು ಬೆಳಿಗ್ಗೆ ಗೂಡ್ಸ್ ಆಟೋ ಕರೆಸಿದೆ. ಎಲ್ಲ ಬಿಡಿಸಿ ಹೇಳಬೇಕು, ನಾವೇ ಒಯ್ದದ್ದು, ಹೀಗೆ ಹೀಗೆ ಬಳಸಿದ್ದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಆಳುಗಳು ಇಳಿಸಿದ ಕಲ್ಲು ಗುಂಡಿಯಲ್ಲಿ ಕೂದಲೆಳೆ ಜಾಗ ಬಿಡದೆ ಕೂತಿತು. ತಿಪ್ಪಕ್ಕ ಬಗ್ಗಿ ಬೆರಳಿನಿಂದ ತಡವಿ ನೋಡಿದಳು. ಪಕ್ಕದೆರಡು ಕಲ್ಲಿನಲ್ಲಿ ಉಗುರು ಕೂಡ ಚೂಪಾಗಿ ಕಾಣುತ್ತೆ. ನಮ್ಮದರಲ್ಲಿ ಬೆರಳುಗಳೇ ಇಲ್ಲ. ಬಿಸಿನೀರು, ಬೂದಿ, ನಮ್ಮ ಹಿಮ್ಮಡಿ ಉಜ್ಜಿ ಉಜ್ಜಿ ನುಣ್ಣಗಾಗಿತ್ತು.

"ಎಲ್ಲಿತ್ತಮ್ಮಾ?"

"ನಮ್ಮನೇಲಿ."

"ಚೂಡಮ್ಮಾ, ಎಂಗೆ ಸವೆದೋಗವೆ! ಎಷ್ಟು ತಲೆಮಾರು ಮುಟ್ಟಿ ಮುಟ್ಟಿ ಕೈ ಮುಗಿದಿದ್ರೆ ಹಿಂಗಾಗ್ಬೇಕು! ನಿಮ್ಮೋರು ಪುಣ್ಯವಂತ್ರು ಕಣಮ್ಮ," ಅಂತ ಕಲ್ಲು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, ನಾನು ಹಿಂದೆ ಸರಿಯುವಷ್ಟರಲ್ಲಿ, ಅದೇ ಕೈಯಿಂದ ನನ್ನ ಕಾಲು ಮುಟ್ಟಿದಳು. ಅಜ್ಜಿಗೆ ಸುಳ್ಳು ಹೇಳುತ್ತಿದ್ದಾಗಿನ ಹಾಗೆ ಕಾಲ್ಬೆರಳು ಮಡಚಿಕೊಂಡು ನಿಂತುಬಿಟ್ಟೆ.