ಸಾವಿತ್ರಕ್ಕನ ತಲೆಯೊಳಗಿದ್ದ ಎಕ್ಸ್‌ಚೇಂಜ್

ಸಾವಿತ್ರಕ್ಕನಿಗೆ ಊರಿನವರ ಮುಖದ ಗುರುತು ಹತ್ತುತ್ತಿರಲಿಲ್ಲ. ಸಂತೆಬೀದಿಯಲ್ಲಿ ಯಾರಾದರೂ ಎದುರಾಗಿ ನಕ್ಕರೆ ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದರು. ಆ ಮನುಷ್ಯ ಬಾಯಿಬಿಟ್ಟು "ಚೆನ್ನಾಗಿದೀರಾ ಅಕ್ಕಾ" ಅಂದರೆ ಸಾಕು, ಮುಖ ಅರಳುತ್ತಿತ್ತು. "ಓ, ನೀವಾ! ಗೊಬ್ಬರದಂಗ್ಡಿ ನಂಜಪ್ಪೋರು! ಗಂಟ್ಲು ಇನ್ನೂ ಕಟ್ಕೊಂಡೇ ಐತಲ್ಲ, ಕಷಾಯ ಕುಡೀರಿ ಅಂತ ಮೊನ್ನೇನೆ ಏಳ್ಲಿಲ್ವಾ?" ಎನ್ನುತ್ತಿದ್ದರು. ಹಗಲೂ ಇರುಳೂ ಊರಿನ ದನಿಯನ್ನೇ ಕೇಳುತ್ತಿದ್ದವರಿಗೆ ಊರನ್ನು ನೋಡಲು ಪುರಸೊತ್ತಾದರೂ ಎಲ್ಲಿತ್ತು?

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಸಣ್ಣ ಊರಿನ ಅಂಚೆಕಚೇರಿಯಲ್ಲಿ ನಾನು ಗುಮಾಸ್ತ. ಯಲಿಯೂರಿನಲ್ಲಿ ಬೆಳಗಿನ ರೈಲು ಹತ್ತಿ ಮದ್ದೂರಿನಲ್ಲಿಳಿದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದೆ. ಅದೇ ಕಟ್ಟಡದ ಇನ್ನರ್ಧದಲ್ಲಿ ಟೆಲಿಫೋನ್ ಎಕ್ಸ್‌ಚೇಂಜು. ನಡುವೆ ಮರದ ಹಲಗೆಯ ಅಡ್ಡಗೋಡೆ, ಹಲಗೆಗಳ ಸಂದಿಯಲ್ಲಿ ಬೆರಳು ತೂರಿಸುವಷ್ಟು ಜಾಗ. ಆಚೆ ಸಾವಿತ್ರಕ್ಕ ಆಡುವ ಪ್ರತಿ ಮಾತೂ ನನಗೆ ಕೇಳಿಸುತ್ತಿತ್ತು. ತಲೆಗೆ ಬಿಗಿದ ಹೆಡ್‌ಫೋನಿನ ಕಬ್ಬಿಣದ ಪಟ್ಟಿ ಅವರ ಕೂದಲಿನಲ್ಲಿ ಒಂದು ಹಳ್ಳವನ್ನೇ ಮಾಡಿತ್ತು. ಹೂ ಮುಡಿದರೂ ಅದಕ್ಕೆ ಜಾಗ ಬಿಟ್ಟು ಒಂದು ಪಕ್ಕಕ್ಕೆ ಮುಡಿಯುತ್ತಿದ್ದರು.

ಅವರ ಗಂಡ ರಾಮೇಗೌಡರು ಮಳವಳ್ಳಿ ಹತ್ತಿರದ ಪೂರಿಗಾಲಿಯಲ್ಲಿ ಪ್ರೈಮರಿ ಸ್ಕೂಲು ಮೇಷ್ಟ್ರು. ಮಗಳು ಸುಧಾ ಅಲ್ಲೇ ಅಜ್ಜಿಯ ಕೈಯಲ್ಲಿ ಬೆಳೆಯುತ್ತಿದ್ದಳು. ಸಾವಿತ್ರಕ್ಕನ ವಾಸ ಎಕ್ಸ್‌ಚೇಂಜಿನ ಹಿಂದಿನ ಒಂದೇ ಕೋಣೆಯಲ್ಲಿ. ಒಂದು ಸೀಮೆಎಣ್ಣೆ ಸ್ಟೌ, ಒಂದು ಮಂಚ, ಮಂಚದ ತಲೆಯ ಹತ್ತಿರವೇ ಬೋರ್ಡಿನ ಗಂಟೆ. ಊರಿಗೆಲ್ಲ ಅವರೊಬ್ಬರೇ ಆಪರೇಟರು. ರಜೆ ಬೇಕೆಂದರೆ ಮದ್ದೂರಿನಿಂದ ಬದಲಿ ಬರಬೇಕಿತ್ತು.

ಬೋರ್ಡೆಂದರೆ ಎದೆಯೆತ್ತರದ ಮರದ ಬೀರು. ಒಂದೊಂದು ಫೋನಿಗೂ ಒಂದೊಂದು ತೂತು, ಅದರ ಕೆಳಗೆ ನಂಬರು, ಮೇಲೆ ತಗಡಿನ ಪುಟ್ಟ ಮುಚ್ಚಳ. ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಆ ಮುಚ್ಚಳ ಟಪ್ಪೆಂದು ಬೀಳಬೇಕು. ಆಗ ಆಪರೇಟರು "ನಂಬರ್ ಪ್ಲೀಸ್" ಎನ್ನಬೇಕು, ಅವರು ಹೇಳಿದ ನಂಬರಿನ ತೂತಿಗೆ ವೈರು ಚುಚ್ಚಬೇಕು. ಮುಚ್ಚಳದ ಸ್ಪ್ರಿಂಗು ಕೆಟ್ಟರೆ ದೂರು ಬರೆದು ಮಂಡ್ಯಕ್ಕೆ ಕಳಿಸಬೇಕು, ಅಲ್ಲಿಂದ ಮೆಕ್ಯಾನಿಕ್ಕು ಬರಬೇಕು. ಇದು ಕಾನೂನು.

ಸಾವಿತ್ರಕ್ಕ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಒಂದು ಸಲ ದೂರು ಬರೆದಿದ್ದರಂತೆ. ಮೆಕ್ಯಾನಿಕ್ಕು ಬರುವುದರೊಳಗೆ ಭತ್ತದ ಕುಯ್ಲು ಮುಗಿದು ಕಣವೂ ಆಗಿಹೋಗಿತ್ತು. ಅಲ್ಲಿಯವರೆಗೆ ಆ ಫೋನು ಕಲ್ಲಿನ ಹಾಗೆ ಬಿದ್ದಿತ್ತು. ಅಂದಿನಿಂದ ಅವರು ಸಂತೆಯಲ್ಲಿ ಒಂದು ಸ್ಕ್ರೂಡ್ರೈವರ್ ಕೊಂಡು, ಯಾವ ತೂತಿನ ಮುಚ್ಚಳ ಕೆಟ್ಟರೂ ಬೋರ್ಡಿನ ಹಿಂದೆ ಕೂತು ಆ ತಂತಿಯನ್ನು ಬಿಚ್ಚಿ ಇನ್ನೊಂದು ತೂತಿಗೆ ಹಾಕಿಬಿಡುತ್ತಿದ್ದರು. ಆಸ್ಪತ್ರೆಯ ಮುಚ್ಚಳ ಕೆಟ್ಟಾಗ ಅದನ್ನು ರೈಸ್‌ಮಿಲ್ಲಿನ ತೂತಿಗೆ ಹಾಕಿ, ಮಿಲ್ಲನ್ನು ಆಸ್ಪತ್ರೆಯ ತೂತಿಗೆ ಹಾಕಿದರು. ಮಿಲ್ಲಿನವರು ವರ್ಷದಲ್ಲಿ ಅರ್ಧ ಬೀಗ ಹಾಕಿಕೊಂಡೇ ಇರುತ್ತಿದ್ದರಲ್ಲ! ಹೀಗೆ ವರ್ಷವರ್ಷವೂ ಅದಲುಬದಲಾಗಿ, ಬೋರ್ಡಿನ ಮೇಲೆ ಬರೆದಿದ್ದ ನಂಬರಿಗೂ ಹಿಂದಿದ್ದ ತಂತಿಗೂ ಸಂಬಂಧವೇ ಉಳಿಯಲಿಲ್ಲ.

"ಎಲ್ಲಾದ್ರೂ ಬರೆದಿಡಬಾರದಾ ಅಕ್ಕ?" ಎಂದು ಕೇಳಿದ್ದೆ.

"ಬರ್ದಿಟ್ರೆ ಇನ್ಸ್‌ಪೆಕ್ಸನ್‌ಗೆ ಬಂದೋರು ನೋಡ್ತಾರಪ್ಪ, ಯಾಕಮ್ಮ ಹಿಂಗ್ ಮಾಡ್ದೆ ಅಂತಾರೆ. ನನ್ ತಲೇಲೈತೆ, ಬುಡು."

ಊರಿಗೂ ಅದೇ ಹಿತವಾಗಿತ್ತು. ಯಾರೂ ನಂಬರು ನೆನಪಿಟ್ಟುಕೊಳ್ಳಲಿಲ್ಲ. ಇಲಾಖೆ ಕೊಟ್ಟ ನಂಬರಿನ ಪುಸ್ತಕದಲ್ಲಿ ಬೋಂಡ ಕಟ್ಟುತ್ತಿದ್ದರು. "ಅಕ್ಕಾ, ಡಾಕ್ಟ್ರನ್ನ ಕೊಡಿ" ಎಂದರೆ ಡಾಕ್ಟರು ಆಸ್ಪತ್ರೆಯಲ್ಲಿಲ್ಲ, ಸೊಸೈಟಿ ಪ್ರೆಸಿಡೆಂಟರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ವೈರು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಒಂದು ಮಧ್ಯಾಹ್ನ ಮಿಲ್ಲಿನ ಮಾಲೀಕರ ಹೆಂಡತಿ ಅಳುತ್ತ ಫೋನು ಮಾಡಿದರು: ಮನೆಗೆ ಬೀಗರು ಬಂದು ಕೂತಿದ್ದಾರೆ, ಯಜಮಾನರ ಪತ್ತೆಯಿಲ್ಲ. ಸಾವಿತ್ರಕ್ಕ ಒಂದು ಗಳಿಗೆ ಯೋಚಿಸಿ ಮದ್ದೂರಿನ ಒಂದು ಲಾಡ್ಜಿಗೆ ಕನೆಕ್ಷನ್ ಕೊಡಿಸಿಕೊಂಡು, "ಇಸ್ಪೀಟು ಕೆಳೀಕಾಕಿ ಮನೇಗ್ ಓಗಿ ಸಾವ್ಕಾರ್ರೇ, ಬೀಗ್ರು ಊಟುಕ್ ಕುಂತವ್ರೆ" ಎಂದರು. ಅಡ್ಡಗೋಡೆಯ ಈಚೆ ನಾನು ಮುದ್ರೆ ಒತ್ತುವುದನ್ನು ಬಿಟ್ಟು ನಕ್ಕಿದ್ದೆ. ಅವರೂ ನಕ್ಕರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಮಳವಳ್ಳಿಯ ಎಕ್ಸ್‌ಚೇಂಜಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿಗೆ ವರ್ಗವಾದರೆ ಪೂರಿಗಾಲಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಬಹುದು. ಸಾವಿತ್ರಕ್ಕ ಅರ್ಜಿ ಹಾಕಿದರು. ಸುದ್ದಿ ಊರಿಗೆ ತಿಳಿದ ಮಾರನೆಯ ದಿನವೇ ಪಕ್ಕದ ಹಳ್ಳಿಯ ದೊಡ್ಡ ಕುಳ ಚಿಕ್ಕೇಗೌಡರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಆ ಹಳ್ಳಿಯಲ್ಲಿದ್ದ ಒಂದೇ ಫೋನು ಅವರ ಮನೆಯದು.

"ಏನವ್ವಾ, ನಮ್ಮುನ್ನೆಲ್ಲ ಬುಟ್ ಓಯ್ತೀಯಾ? ನೀನ್ ಓದ್ರೆ ಈ ಬೋರ್ಡು ಯಾರ್ಗವ್ವಾ ಅರ್ಥಾಯ್ತದೆ? ನಾವ್ ಬುಡಾಕಿಲ್ಲ. ಮಂಡ್ಯಕ್ಕೆ ಓಗಿ ಸಾಹೇಬ್ರಿಗೆ ಏಳಿ ಬಂದಿದೀವಿ."

ಪ್ರೀತಿಯಿಂದಲೇ ಹೇಳಿದ ಮಾತು. ಸಾವಿತ್ರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು. ವರ್ಗ ನಿಂತುಹೋಯಿತು. ಇನ್ನೊಬ್ಬ ಆಪರೇಟರನ್ನಾದರೂ ಕೊಡಿ ಎಂದು ಕೇಳಿದಾಗ ಮಂಡ್ಯದಿಂದ ಬಂದ ಉತ್ತರ: ನಿಮ್ಮ ಎಕ್ಸ್‌ಚೇಂಜಿನಿಂದ ಒಂದು ದೂರೂ ಇಲ್ಲ, ಎಲ್ಲವೂ ಸುಸೂತ್ರವಾಗಿದೆ, ಹೆಚ್ಚಿನ ಸಿಬ್ಬಂದಿಯ ಅಗತ್ಯ ಕಂಡುಬಂದಿಲ್ಲ.

ಅಂದು ಸಂಜೆ ಬಸ್ಸಿಗೆ ಹೊರಟ ನನ್ನನ್ನು ಕಿಟಕಿಯಿಂದ ಕರೆದರು. "ನಾನೇ ಇಂದ್ಗಡೆ ಕುಂತ್ಕೊಂಡು ಒಂದೊಂದೇ ತಂತಿ ಸುತ್ಕೊಂಬುಟ್ಟೆ ಕಣಪ್ಪಾ ಮೂರ್ತಿ. ಈಗ ಬಿಚ್ಕೊಳಾಕೆ ದಾರಿ ಇಲ್ಲ."

ಆ ವರ್ಷವೇ ಸುಧಾ ಮೈನೆರೆದಳು. ಸೋದರಮಾವ ಬಂದು ಅವಳನ್ನು ಕೂರಿಸಲು ಹಸಿರು ಸೊಪ್ಪಿನ ಗುಡ್ಲು ಹಾಕಿದ. ಆರತಿ ಎತ್ತುವ ಒಸಗೆಯ ದಿನ ತಾಯಿ ಇಲ್ಲದಿದ್ದರೆ ಹೇಗೆ? ರಾಮೇಗೌಡರೇ ಬಂದು ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, "ಇದುಕ್ಕೂ ಬರಲ್ಲ ಅಂದ್ರೆ ಇನ್ನ್ ಯಾತುಕ್ ಬತ್ತೀಯೆ ನೀನು?" ಎಂದರು. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಸಾವಿತ್ರಕ್ಕ ಆಮೇಲೆ ನನ್ನ ಹತ್ತಿರ ಹೇಳಿದರು.

ಮದ್ದೂರಿನಿಂದ ನಾಗರಾಜು ಎಂಬ ಬದಲಿ ಆಪರೇಟರು ಬಂದ. ಸಾಧು ಹುಡುಗ, ಅಚ್ಚುಕಟ್ಟು. ಸಾವಿತ್ರಕ್ಕ ಹೊಸ ಸೀರೆಯುಟ್ಟು, ಬೋರ್ಡಿನ ಮೇಲೆ ಬೆರಳಾಡಿಸುತ್ತ, "ಇದು ಅದಲ್ಲ, ಅದು ಇಲ್ಲೈತೆ, ಇದುನ್ನ ಬುಡಿ, ಇದು ಸೊಸೈಟೀದು..." ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಹೊರಗೆ ಮಳವಳ್ಳಿ ಬಸ್ಸು ಹಾರನ್ ಹೊಡೆಯಿತು. "ಸಂಜೆ ಬಸ್ಸಿಗೆ ಬಂದ್ಬುಡ್ತೀನಿ" ಎನ್ನುತ್ತ ಓಡಿದರು.

ಹನ್ನೊಂದರ ಹೊತ್ತಿಗೆ ಚಿಕ್ಕೇಗೌಡರ ಮನೆಯಿಂದ ಕರೆ ಬಂತು. ಅವರ ಸೊಸೆ ಗಿರಿಜಾಗೆ ತಿಂಗಳು ತುಂಬುವ ಮೊದಲೇ ನೋವು ಶುರುವಾಗಿತ್ತು, ರಕ್ತ ಹೋಗುತ್ತಿತ್ತು. ಈ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಿದ್ದರೆ ಇಲ್ಲಿಗೆ ಕರೆತರುವುದು, ಇಲ್ಲದಿದ್ದರೆ ಮದ್ದೂರು. ನಾಗರಾಜು ನಿಯಮದಂತೆ ಆಸ್ಪತ್ರೆಯ ನಂಬರಿರುವ ತೂತಿಗೆ ವೈರು ಚುಚ್ಚಿ ಗಂಟೆ ಹೊಡೆದ. ಬಿಟ್ಟು ಬಿಟ್ಟು ಹೊಡೆದ. "ಆಸ್ಪತ್ರೇಲಿ ಯಾರೂ ಎತ್ತುತ್ತಿಲ್ಲ ಯಜಮಾನ್ರೇ" ಎಂದು ಅವನು ಹೇಳಿದ್ದು ನನಗೆ ಕೇಳಿಸಿತು. ಡಾಕ್ಟರು ಹಳ್ಳಿಗೆ ಹೋಗಿರಬೇಕು ಅಂದುಕೊಂಡೆ.

ಮಧ್ಯಾಹ್ನ ಆಸ್ಪತ್ರೆಯ ಕಾಂಪೌಂಡರು ಸ್ಟಾಂಪು ಕೊಳ್ಳಲು ಬಂದ. "ಬೆಳಿಗ್ಗೆ ಫೋನ್ ಯಾಕ್ರೀ ಎತ್ತಲಿಲ್ಲ?" ಎಂದು ಕೇಳಿದೆ.

"ಪೋನಾ? ಬಂದೇ ಇಲ್ವಲ್ಲ ಸ್ವಾಮಿ. ಡಾಕ್ಟ್ರು ಬೆಳಗಿಂದ ಅದುರ್ ಮುಂದೇನೇ ಕುಂತವ್ರೆ, ಪೇಸೆಂಟೇ ಇಲ್ಲ ಇವತ್ತು."

ಅಡ್ಡಗೋಡೆಯ ಆಚೆ ನಾಗರಾಜುವಿನ ಕುರ್ಚಿ ಸರಿದ ಸದ್ದಾಯಿತು. ಅವನು ಮತ್ತೆ ಅದೇ ತೂತಿಗೆ ವೈರು ಚುಚ್ಚಿ ಗಂಟೆ ಹೊಡೆದ. ರಸ್ತೆಯಾಚೆ, ಬೀಗ ಹಾಕಿದ ರೈಸ್‌ಮಿಲ್ಲಿನ ಒಳಗಿಂದ, ಬೆಳಗಿನ ಗದ್ದಲದಲ್ಲಿ ಯಾರಿಗೂ ಕೇಳಿಸದಿದ್ದ ಫೋನು ಟ್ರಿಣ್ ಟ್ರಿಣ್ ಎನ್ನತೊಡಗಿತು. ನಾವು ಮೂವರೂ ಅದನ್ನು ಕೇಳುತ್ತ ನಿಂತೆವು.

ಮದ್ದೂರಿನ ದಾರಿಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಗಿರಿಜಾ ಹೇಗೋ ಬದುಕಿಕೊಂಡಳು.

ಸಂಜೆ ಬಸ್ಸಿನಿಂದಿಳಿದ ಸಾವಿತ್ರಕ್ಕನ ಹಣೆಯಲ್ಲಿ ಆರತಿಯ ಕುಂಕುಮ ಇನ್ನೂ ಹಸಿಯಾಗಿತ್ತು. ನಾಗರಾಜು ಹೇಳಿದ್ದನ್ನು ಕೇಳಿ, ಆಸ್ಪತ್ರೆಯ ನಂಬರಿದ್ದ ತೂತಿನ ಮೇಲೆ ಬೆರಳಿಟ್ಟರು. ಅಳಲಿಲ್ಲ. "ಇವುನ್ದು ತಪ್ಪಿಲ್ಲ. ಇವ್ನು ಬೋರ್ಡ್‌ನಲ್ಲಿ ಇದ್ದುದ್ನ ಓದ್ದ" ಎಂದರು, ಅಷ್ಟೇ.

ವಿಚಾರಣೆಗೆ ಮಂಡ್ಯದಿಂದ ಅಧಿಕಾರಿ ಬಂದರು. ಬೋರ್ಡಿನ ಹಿಂಬದಿ ಬಿಚ್ಚಿದಾಗ ಜಡೆ ಸಿಕ್ಕಾದ ಹಾಗೆ ತಂತಿಗಳು ಹೊರಬಿದ್ದವು. "ಯಾರಮ್ಮ ಇದನ್ನ ಮಾಡಿದ್ದು?"

"ನಾನೇ ಸ್ವಾಮಿ."

"ಕೆಟ್ಟಾಗ ದೂರು ಕೊಡಬೇಕು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅಲ್ಲೀಗಂಟ ಜನ ಏನ್ ಮಾಡ್ತಾರೆ ಅಂತ..."

ಆ ಮಾತನ್ನು ಅವರು ಮುಗಿಸಲಿಲ್ಲ. ಬಾಗಿಲಲ್ಲಿ ಚಿಕ್ಕೇಗೌಡರು ನಿಂತಿದ್ದರು. ಅವರು ಸಾವಿತ್ರಕ್ಕನನ್ನು ಬೈಯಲೂ ಇಲ್ಲ, ನೋಡಲೂ ಇಲ್ಲ. ಅಧಿಕಾರಿಗೆ, "ಈಕೇನ ಎಲ್ಲೂ ಕಳುಸ್ಬ್ಯಾಡಿ. ಕಳ್ಸುದ್ರೆ ಇನ್ನೂ ಎಷ್ಟ್ ಮನೇಲಿ ಇಂಗಾಯ್ತದೋ" ಎಂದು ಹೇಳಿ ಹೊರಟುಹೋದರು. ಕ್ಷಮೆಯೋ ಶಾಪವೋ ನನಗೆ ಇವತ್ತಿಗೂ ತಿಳಿಯದು.

ಸಾವಿತ್ರಕ್ಕನ ಇನ್‌ಕ್ರಿಮೆಂಟು ನಿಂತಿತು, ವರ್ಗದ ಮಾತೇ ನಿಂತಿತು. ಮೆಕ್ಯಾನಿಕ್ಕನ ಜೊತೆ ಕೂತು ಒಂದೊಂದು ತಂತಿಯನ್ನೂ ಅದರ ತೂತಿಗೇ ಮರಳಿಸಿದರು. ಆಮೇಲೆ ಯಾರು ಹಿಡಿ ತಿರುಗಿಸಿದರೂ "ನಂಬರ್ ಏಳಿ" ಎಂದರು. "ನಾನು ಅಕ್ಕಾ, ನಂಜಪ್ಪ" ಎಂದರೂ "ನಂಬರ್ ಏಳಿ" ಎಂದೇ. ಜನ ಮುನಿಸಿಕೊಂಡರು. ಒಂದು ಸಾವಿಗೆ ಹೀಗೆ ಗರ ಬಡಿದವಳ ಹಾಗಾದಳು ಎಂದರು. ದುರಹಂಕಾರ ಎಂದವರೂ ಉಂಟು. ಅಡ್ಡಗೋಡೆಯ ಆಚೆಯಿಂದ ದಿನವಿಡೀ ಆ ಎರಡೇ ಪದ ಕೇಳಿ ಕೇಳಿ ನಾನು ಮುದ್ರೆಯನ್ನು ಬೇಕೆಂದೇ ಜೋರಾಗಿ ಒತ್ತುತ್ತಿದ್ದೆ. ಜನ ಪುಸ್ತಕ ಹುಡುಕಿ ನಂಬರು ಕಲಿಯುವುದಕ್ಕೆ ವರ್ಷಗಳೇ ಹಿಡಿದವು. ಕಲಿತ ಮೇಲೆ ಅವರ ಜಾಗಕ್ಕೆ ಯಾರು ಬಂದು ಕೂತರೂ ನಡೆಯುವಂತಾಯಿತು. ಆಗ ಅವರನ್ನು ಮಳವಳ್ಳಿಗೆ ಬಿಟ್ಟರು.

ದಶಕ ಮುಗಿಯುತ್ತಿದ್ದಾಗ ಏನೋ ಕೆಲಸದ ಮೇಲೆ ಮಳವಳ್ಳಿಗೆ ಹೋದವನು ಪೂರಿಗಾಲಿಯವರೆಗೂ ಹೋಗಿ ಅವರ ಮನೆಯ ಬಾಗಿಲು ತಟ್ಟಿದೆ. "ಅಕ್ಕಾ" ಎಂದೊಡನೆ ಒಳಗಿಂದಲೇ "ಮೂರ್ತಿ ಬಂದ!" ಎಂದು ಎದ್ದು ಬಂದರು. ಮಳವಳ್ಳಿಯಲ್ಲಿ ಪಾಳಿಯ ಕೆಲಸ, ಹೊತ್ತಿಗೆ ಸರಿಯಾಗಿ ಮನೆ. "ಈಗ ಆರಾಮು ಕಣಪ್ಪ, ಪಾಳಿ ಮುಗೀತು ಅಂದ್ರೆ ಎದ್ ಬತ್ತೀನಿ, ಯಾರೂ ಕೇಳಾಕಿಲ್ಲ" ಎಂದರು. ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದರು. ಡಬ್ಬಿಯೊಂದರ ಮುಚ್ಚಳ ತೆಗೆದು ಹಾಕಿದ ಸದ್ದಾಯಿತು. ಇನ್ನೊಂದು. ಮತ್ತೊಂದು. ಅಷ್ಟರಲ್ಲಿ ಹಿತ್ತಿಲಿಂದ ಬಂದಳು ಸುಧಾ, ಅವರೆತ್ತರಕ್ಕೆ ಬೆಳೆದು ನಿಂತಿದ್ದಳು.

"ನೀನ್ ಬುಡಮ್ಮ, ಯಾವ್ ಡಬ್ಬೀಲಿ ಏನೈತೆ ಅಂತ ನಿಂಗ್ ಗೊತ್ತಾಗಲ್ಲ. ಓಗಿ ಕುಂತ್ಕೊ, ನಾನ್ ಮಾಡ್ತೀನಿ" ಎಂದಳು. ಒರಟುತನವಿರಲಿಲ್ಲ, ಬಂದವರಿಗೆ ಹೇಳುವ ಹಾಗೆ ಮೃದುವಾಗಿಯೇ ಹೇಳಿದಳು.

ಸಾವಿತ್ರಕ್ಕ ಬಂದು ನನ್ನ ಎದುರಿಗೆ ಕೂತರು. ಮಗಳು ಇಬ್ಬರಿಗೂ ಕಾಫಿ ತಂದುಕೊಟ್ಟಳು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆರುವವರೆಗೂ ಕುಡಿಯಲಿಲ್ಲ.