ಕೆಂಚವ್ವನ ಲಂಗ ಮಾಯವಾದದ್ದು

ನವಲಗುಂದದ ಕಡೆಯ ಎರೆಹೊಲಗಳಲ್ಲಿ ಕುರಿ ಕಾಯುತ್ತಲೇ ಅರವತ್ತರ ಹತ್ತಿರ ಬಂದಿದ್ದ ಕೆಂಚವ್ವನ ದನಿ ದೊಡ್ಡದು. ಕೆರೆಯ ಈ ದಂಡೆಯಿಂದ ಕೂಗಿದರೆ ಆ ದಂಡೆಯ ಕುರಿ ತಿರುಗಿ ನೋಡಬೇಕು. ಮನುಷ್ಯರನ್ನೂ ಆಕೆ ಅದೇ ದನಿಯಲ್ಲಿ ಮಾತಾಡಿಸುತ್ತಿದ್ದಳು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ನೆರೆಮನೆಯ ಸೊಸೆ ಸೀಮಾ ಕೊಡ ತುಂಬಲು ಹೋಗಿ ಕೆರೆಗೆ ಜಾರಿದಳು. ದಂಡೆಯ ಮೇಲೆ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಎಲ್ಲರ ಕೈಯಲ್ಲೂ ಫೋನು; ಹಿಡಿದೆಳೆಯಲು ಕೈ ಖಾಲಿ ಇರಬೇಕಲ್ಲ? ಕುರಿ ಬಿಟ್ಟು ಓಡಿಬಂದ ಕೆಂಚವ್ವ ಉಟ್ಟ ಸೀರೆ ಬಿಚ್ಚಿ, ಅದರ ಸೆರಗನ್ನು ನೀರಿಗೆಸೆದು, "ಬಂದ ಹಿಡೀರಲೇ! ನಿಮ್ಮ ಕೈಗೆ ಏನಾಗೇತಿ?" ಎಂದು ಚೀರಿದಳು. ಯಾರೂ ಬರಲಿಲ್ಲ. ಹಸಿರು ಲಂಗ, ಕುಬುಸದಲ್ಲೇ ನಿಂತು, ಒಬ್ಬಳೇ ಎಳೆದು ಸೀಮಾಳನ್ನು ದಂಡೆಗೆ ಹಾಕಿದಳು.

ದಂಡೆಯ ಮೇಲೆ ನಿಂತವರಲ್ಲಿ ಒಬ್ಬನಾದ ಅದೇ ಊರಿನ ಫಕೀರೇಶ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಸಂಜೆಯೊಳಗೆ ಅವನು ಬಿಟ್ಟ ವಿಡಿಯೋದಲ್ಲಿ ಕೆರೆಯೂ ಇರಲಿಲ್ಲ, ಸೀಮಾಳೂ ಇರಲಿಲ್ಲ. ಕೆಂಚವ್ವ ಚೀರುತ್ತಿದ್ದಳು, ಅಷ್ಟೇ. ಮೇಲೆ ಕೆಂಪಕ್ಷರ: "ಹಾಡಹಗಲೇ ಸೀರೆ ಬಿಚ್ಚಿದ ಅಜ್ಜಿ! ಕಾರಣ ಕೇಳಿದರೆ ಬೆಚ್ಚಿ ಬೀಳ್ತೀರಿ!" ಕಾರಣವನ್ನು ಮಾತ್ರ ಯಾರೂ ಕೇಳಲಿಲ್ಲ. ಮರುದಿನ ಒಂದು ದೊಡ್ಡ ವಾಹಿನಿ ಅದನ್ನೇ ಎತ್ತಿಕೊಂಡು, "ಅಜ್ಜಿಯ ಮೈಮೇಲೆ ದೆವ್ವ?" ಎಂದು ಜ್ಯೋತಿಷಿಯೊಬ್ಬರನ್ನು ಕೂರಿಸಿ ಚರ್ಚೆ ಮಾಡಿತು. ವಾಹಿನಿಯವರು ಮರ್ಯಾದಸ್ಥರು. ಕೆಂಚವ್ವನನ್ನು ಸೊಂಟದಿಂದ ಕೆಳಗೆ ಮಸುಕು ಮಾಡಿದ್ದರು. ಹಸಿರು ಲಂಗ ಮಾಯವಾಯಿತು. ಮುದುಕಿ ಏನೂ ಉಟ್ಟಿರಲಿಲ್ಲವೆಂದು ನೋಡಿದವರೆಲ್ಲ ನಂಬಿದರು.

ಸೀಮಾ ಅಳುತ್ತ ಅದನ್ನು ಫೋನಿನಲ್ಲಿ ತಂದು ತೋರಿಸಿದಾಗ ಕೆಂಚವ್ವ ತನ್ನ ದೊಡ್ಡ ದನಿ ಬಿಟ್ಟು ಮೆಲ್ಲಗೆ ಕೇಳಿದಳು.

"ಲಂಗ ಇತ್ತಲ್ಲವಾ ನನ್ನ ಮೈಮ್ಯಾಲೆ? ಇದ್ದದ್ದನ್ನ ಇವರ್ಯಾಕ ಕಳದ್ರು?"

ಆ ವಾರ ಆಕೆ ಸಂತೆಗೂ ಹೋಗಲಿಲ್ಲ. ಆಮೇಲೊಂದು ಮಧ್ಯಾಹ್ನ ಫಕೀರೇಶ ಊಟಕ್ಕೆ ಕೂತಾಗ ಬಂದು ಎದುರಿಗೇ ಕೂತಳು.

"ಏನ್ ದೊಡ್ಡವ್ವ?"

"ಏನಿಲ್ಲಪಾ. ನೀ ಉಣ್ಣು. ನಾ ಬರೇ ನೋಡತೀನಿ."

ಫಕೀರೇಶ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದ. ಎದ್ದು ಬಚ್ಚಲಿಗೆ ಹೋದ; ಬಾಗಿಲ ಬಳಿ ಬಂದು ಕೂತಳು. ತಿರುಗಿ ತಾಟಿನ ಮುಂದೆ ಬಂದ, ಆಕೆಯೂ ಬಂದಳು. ಕಣ್ಣು ಮಾತ್ರ ಕೀಳಲೊಲ್ಲಳು.

"ಹಿಂಗ ಮಂದಿ ಮನ್ಯಾಗ ನೋಡಕೋಂತ ಕೂಡೂದು ಚೊಲೊ ಅಲ್ಲ ಬೇ, ದೊಡ್ಡವ್ವ."

"ಹೌದನು? ಮತ್ತ ನಿನ್ನ ವಿಡಿಯೋದಾಗ ಸೀಮಾ ಎಲ್ಲಿ ಹೋದ್ಲು?"

"ಅದು... ಅಗದಿ ಉದ್ದ ಆಗತಿತ್ತು. ಕಟ್ ಮಾಡಿದೆ."

ಒಲೆಯ ಮುಂದಿದ್ದ ಅವನ ಹೆಂಡತಿ ರೋಹಿಣಿ ತಿರುಗಿದಳು. "ಆ ಹುಡುಗಿ ಮುಳಗಾಕತ್ತಾಗ ನೀವು ಫೋನ್ ಹಿಡಕೊಂಡು ನಿಂತಿದ್ರೇನ್ರಿ?"

ಫಕೀರೇಶ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ರೋಹಿಣಿ ತಾಟು ಎಳೆದುಕೊಂಡಳು. ಪೂರ್ತಿ ವಿಡಿಯೋ ಹಾಕುವವರೆಗೆ ಅದು ಅವನ ಮುಂದೆ ಬರಲೇ ಇಲ್ಲ.

ಪೂರ್ತಿಯದನ್ನು ನೋಡಿದವರು ಕೆಲವೇ ಮಂದಿ. ಮರುದಿನ ಸೀಮಾ ಅದರ ಕೆಳಗೆ ಬಂದ ಕಮೆಂಟ್ ಓದಿ ಹೇಳಲು ಫೋನು ತಂದಳು. "ಎಲ್ಲಾರೂ ಚೊಲೊ ಬರದಾರ, ದೊಡ್ಡವ್ವ."

"ಸುಳ್ಳ ಹೇಳಬ್ಯಾಡ. ಇದ್ದದ್ದ ಓದು."

ಸೀಮಾ ತಡವರಿಸುತ್ತ ಓದಿದಳು: "ಲಂಗ ಇತ್ತಾ? ಥೂ, ಮೋಸ. ಟೈಮ್ ವೇಸ್ಟ್."

ಕೆಂಚವ್ವ ಕುರಿಗಳು ಬೆದರಿ ಚದುರುವ ಹಾಗೆ ನಕ್ಕಳು.

"ಪಾಪ! ಎಷ್ಟ ಆಸೆ ಇಟಗೊಂಡು ಬಂದಿದ್ರೋ ಏನೋ, ಭಾಡ್ಯಾಗೋಳು!"